ಕಾರವಾರದ ರಾಕ್ ಬ್ಯಾಂಡ್ ಡಾಕ್ಯುಮೆಂಟರಿ: ಬ್ಯಾಂಡ್ ಒಡೀತು, ಫುಟೇಜ್ ಉಳೀತು, ಮುಂದೆಂತ?

ಕೋಡಿಬಾಗ_ಕ್ಯಾಮೆರಾ
ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಆಮೇಲೆ ಬೈಯಿರಿ.

ನಮ್ಮೂರಲ್ಲೊಂದು ರಾಕ್ ಬ್ಯಾಂಡ್ ಇತ್ತು. ಹೆಸರು ಬೇಡ, ಕಾರವಾರದವರಿಗೆ ಗೊತ್ತಾಗ್ತದೆ. ನಾಲ್ಕು ಜನ, ಕನ್ನಡ ಮತ್ತೆ ಕೊಂಕಣಿ ಹಾಡು, ಬಲೆ ಇಡುವ ಶೆಡ್ಡಿನಲ್ಲಿ ಪ್ರಾಕ್ಟೀಸು. ಇವರ ಮೇಲೆ ಅರ್ಧ ಗಂಟೆಯ ಡಾಕ್ಯುಮೆಂಟರಿ ಮಾಡೂದು ಅಂತ 2023ರಲ್ಲಿ ಶುರು ಮಾಡಿದ್ದು. ಕ್ಯಾಮೆರಾ ನನ್ನ ಭಾವಂದು. ಅವ್ರು ಮದುವೆ ಶೂಟ್ ಮಾಡೋರು, ಹಾಗಾಗಿ ಮುಹೂರ್ತ ಇದ್ದ ದಿನ ನಮ್ಮ ಸಿನಿಮಾ ಬಂದ್. ಆವಾಗೆಲ್ಲ ಮೊಬೈಲಲ್ಲಿ ತೆಗೆದದ್ದು. ಸೌಂಡ್ ನೋಡ್ಕೊಳ್ಳೋಕೆ ಬಂದ ಹುಡುಗ ರೆಕಾರ್ಡರಿನ ಕಾರ್ಡಿನದ್ದನ್ನ ಕಾಪಿ ಮಾಡದೆ ಫಾರ್ಮ್ಯಾಟ್ ಹೊಡೆದ. ಶಿರಸಿ ಶೋ ಆದಮೇಲೆ ಗಿಟಾರಿಸ್ಟ್ ಬ್ಯಾಂಡ್ ಬಿಟ್ಟು ಹಡಗಿನ ಕೆಲಸಕ್ಕೆ ಹೋದ. ಹೋಗುವಾಗ "ನನ್ನ ಮುಖ ಎಲ್ಲೂ ಬರಬಾರ್ದು" ಅಂತ ಒಂದು ಮೆಸೇಜು. ಅವನಿಲ್ಲದ ಶಾಟು ಹುಡುಕಿದ್ರೆ ನನಗೆ ಸಿಗೂದು ಸಮುದ್ರ ಮಾತ್ರ!

ಈಗ ಮುಖ್ಯ ಪ್ರಶ್ನೆ. ಶಿರಸಿಯ ಆ ರಾತ್ರಿಯ ಒಂದು ಕ್ಲಿಪ್ ಇದೆ. ವೇದಿಕೆ ಹಿಂದೆ ಗಿಟಾರಿಸ್ಟ್ ಕೇಬಲ್ ಸುತ್ತುತ್ತಾ ಇದ್ದಾನೆ, ಹೆಬ್ಬೆರಳಿಂದ ಮೊಣಕೈಗೆ. ಇನ್ನೊಂದು ತುದಿ ಹಾಡುಗಾರನ ಚಪ್ಪಲಿ ಕೆಳಗೆ. "ಕಾಲು ತೆಗಿ" ಅಂತಾನೆ. ಇವ ತೆಗೆಯೂದಿಲ್ಲ. ಅವ ಎಳೀತಾನೆ, ಜಾಕ್ ಕಿತ್ತು ಬರ್ತದೆ. ಆಮೇಲೆ ಇಬ್ಬರೂ ಒಟ್ಟಿಗೆ ಕ್ಯಾಮೆರಾ ಕಡೆ ನೋಡ್ತಾರೆ. ಇಡೀ ಸಿನಿಮಾದಲ್ಲಿ ಜೀವ ಇರೋ ಶಾಟ್ ಅಂದ್ರೆ ಅದೊಂದೇ. ಹಾಡುಗಾರ ಅದನ್ನ ತೆಗಿ ಅಂತಾನೆ, ಡ್ರಮ್ಮರ್ ಇಡು ಅಂತಾನೆ. ನೀವೆಂತ ಹೇಳ್ತೀರಿ?

ಬಂಗಡೆ_ಪ್ರಿಯ
ಇಡು. ಜಗಳ ಇಲ್ಲದ ಸಿನಿಮಾ ಯಾರು ನೋಡ್ತಾರೆ.

ಧ್ವನಿಗಾರ
ಕೇಬಲ್ ಮೊಣಕೈಗೆ ಸುತ್ತೋದಾ? ಆ ಬ್ಯಾಂಡ್ ಒಡೆದದ್ದೇ ಒಳ್ಳೇದಾಯ್ತು ಬಿಡಿ. ಪ್ರತಿ ಸುತ್ತಿಗೂ ಒಳಗಿನ ತಂತಿ ತಿರುಚಿಕೊಳ್ತದೆ, ವರ್ಷ ತುಂಬುವ ಮೊದಲು ಕರಕರ ಶುರು. ಒಂದು ಸುತ್ತು ಮೇಲಿಂದ, ಮುಂದಿನದು ಕೆಳಗಿಂದ, ಹಾಗೆ ಸುತ್ತಬೇಕು. ಯಾರೂ ಕಲಿಸೂದಿಲ್ಲ, ಯಾರೂ ಕಲಿಯೂದೂ ಇಲ್ಲ.

ಬೆಂಗ್ಳೂರ್_ಗುರು
ಗುರು, ನೀನು ಅಂದ್ಕೊಂಡಷ್ಟು ಹೊಸ ಸಮಸ್ಯೆ ಏನಲ್ಲ ಇದು. ಮೆಟಾಲಿಕಾ ಬ್ಯಾಂಡಿನವರ ಡಾಕ್ಯುಮೆಂಟರಿ 'ಸಮ್ ಕೈಂಡ್ ಆಫ್ ಮಾನ್‌ಸ್ಟರ್' ನೋಡು, 2004ರದು. ಹೊಸ ಆಲ್ಬಮ್ ಹೇಗಾಗುತ್ತೆ ಅಂತ ತೋರಿಸೋಕೆ ಶುರು ಮಾಡಿದ್ದು. ಬೇಸ್ ನುಡಿಸೋನು ಮೊದಲೇ ಬಿಟ್ಟಿದ್ದ. 2001ರಲ್ಲಿ ಹಾಡುಗಾರ ಹೆಟ್‌ಫೀಲ್ಡ್ ಕುಡಿತ ಬಿಡಿಸೋ ಕೇಂದ್ರಕ್ಕೆ ಹೋದ, ತಿಂಗಳುಗಟ್ಟಲೆ ಕೆಲಸ ನಿಂತೋಯ್ತು. ವಾಪಸ್ ಬಂದಾಗ ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ ಕೆಲಸ ಅಂದ. ಬ್ಯಾಂಡಿನ ಜಗಳ ಬಿಡಿಸೋಕೆ ತಿಂಗಳಿಗೆ 40,000 ಡಾಲರ್ ಕೊಟ್ಟು ಒಬ್ಬ ಥೆರಪಿಸ್ಟನ್ನ ಇಟ್ಕೊಂಡಿದ್ರು. ಆಲ್ಬಮ್ಮಿನ ಕಥೆ ಪಕ್ಕಕ್ಕೆ ಹೋಯ್ತು, ಜಗಳಾನೇ ಸಿನಿಮಾ ಆಯ್ತು. ಬರ್ಲಿಂಜರ್, ಸಿನೊಫ್ಸ್ಕಿ ಅಂತ ಇಬ್ಬರು ನಿರ್ದೇಶಕರು. ಇಡು ಆ ಶಾಟು.

ಹುಬ್ಬಳ್ಳಿ_ಬೇಸ್
ತಿಂಗಳಿಗೆ 40,000 ಡಾಲರ್! ನಮ್ಮ ಬ್ಯಾಂಡಿನ್ಯಾಗ ಜಗಳಾ ಬಿಡ್ಸಾಕ ಒಂದು ಗಿರ್ಮಿಟ್ ಸಾಕಿತ್ರೀ.

ಖರೇ ಹೇಳ್ತೀನಿ, ಮೆಟಾಲಿಕಾ ಮಾತು ಇಲ್ಲಿ ಹೊಂದೂದಿಲ್ಲ. ಆಲ್ಬಮ್ ಕಂಪನಿ ರೊಕ್ಕಾ ಹಾಕಿತ್ತು, ಆಮ್ಯಾಲೆ ಬ್ಯಾಂಡಿನವರs ಅದನ್ನ ಕಂಪನಿ ಕಡಿಯಿಂದ ಕೊಂಡ್ಕೊಂಡ್ರು. ಅಂದ್ರ ತಮ್ಮ ಜಗಳಾ ತೋರ್ಸೂದು ಬಿಡೂದು ತಮ್ಮ ಕೈಯಾಗs ಇತ್ತು. ಈ ಹುಡುಗಗ ಏನೈತಿ ಕೈಯಾಗ? ಬ್ಯಾಡ ಅಂತ ಬರದು ಹಡಗು ಹತ್ಯಾನ.

ಅಂಕೋಲೆ_ಅಕ್ಕ
ಹುಬ್ಬಳ್ಳಿಯವರು ಹೇಳಿದ್ದು ಸರಿ. ಬೇಡ ಅಂದವನ ಮುಖ ತೋರಿಸೂದು ಯಾವ ನ್ಯಾಯ? "ಇಡು ಇಡು" ಅನ್ನೋರು ನಿಮ್ಮನೆ ಜಗಳ ಯಾರಾದ್ರೂ ಯೂಟ್ಯೂಬಿಗೆ ಹಾಕಿದ್ರೆ ಸುಮ್ನೆ ಇರ್ತೀರಾ?

ಬೆಂಗ್ಳೂರ್_ಗುರು
ಅಕ್ಕ, ಮನೆ ಜಗಳ ಬೇರೆ. ಇವರೇ ಕರೆದು ಕ್ಯಾಮೆರಾ ಮುಂದೆ ನಿಂತವರು.

ಅಂಕೋಲೆ_ಅಕ್ಕ
ವೇದಿಕೆ ಮುಂದೆ ನಿಂತದ್ದು ಬೇರೆ, ಹಿಂದೆ ಕೇಬಲ್ ಸುತ್ತೂದು ಬೇರೆ ತಮ್ಮಾ.

ಶಿರಸಿ_ಮಾಣಿ
ನಾನು ಆ ಶೋಗೆ ಹೋಗಿದ್ದೆ. ಹಾಡು ಚೊಲೋ ಇತ್ತು, ಸೌಂಡ್ ಮಾತ್ರ ದೇವರೇ ಗತಿ. ಅರ್ಧಕ್ಕೆ ಕರೆಂಟ್ ಹೋತು, ಜನರೇಟರ್ ಹಾಕಿದ ಮೇಲೆ ಗುಂಯ್ ಅಂತ ಒಂದು ಶಬ್ದ ಕೊನೆ ತನಕ. ನನ್ನ ಪಕ್ಕ ಕೂತ ಹಿರಿಯರು ಹೇಳಿದ್ರು, "ಚಂಡೆ ಒಂದು ಇದ್ದಿದ್ರೆ ಮೈಕೇ ಬೇಕಾಗಿತ್ತಿಲ್ಲೆ." ಅದೂ ಹೌದು. ಬಡಗುತಿಟ್ಟು ಯಕ್ಷಗಾನದ ಚಂಡೆ ಎದುರು ಡ್ರಮ್ ಸೆಟ್ ಎಂತ ಮಾರಾಯ. ಸರಿಯಾಗಿ 10 ಗಂಟೆಗೆ ನಿಲ್ಲಿಸಿ ಅಂದ್ರು, ಕಡೇ ಎರಡು ಹಾಡು ಹೋತು.

ಬಂಗಡೆ_ಪ್ರಿಯ
ಮಾರಿಕಾಂಬಾ ಜಾತ್ರೆಯಲ್ಲಿ ಬೆಳಗಿನ ತನಕ ನಾಟಕ ನಡೀತದೆ, ಪಾಪ ರಾಕಿಗೆ ಮಾತ್ರ 10 ಗಂಟೆ?

ಕಾನೂನು_ಕಾಕಾ
2000ದ ಶಬ್ದಮಾಲಿನ್ಯ ನಿಯಮ. ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಅಂತ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಎಲ್ಲಿ ಎಷ್ಟು ಪಾಲನೆ ಆಗ್ತದೆ ಅನ್ನೂದು ನೀವೇ ನೋಡಿದ್ದೀರಿ.

ಈಗ ಮೂಲ ವಿಷಯಕ್ಕೆ ಬರ್ತೇನೆ. ಕೋಡಿಬಾಗದವರೇ, ಯಾರ ಹತ್ರವಾದ್ರೂ ಬರೆಸಿಕೊಂಡಿದ್ದೀರಾ? ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಸಿನಿಮಾದ ಕರ್ತೃ ಅಂದ್ರೆ ನಿರ್ಮಾಪಕ, ಅಂದ್ರೆ ಮುಂದೆ ನಿಂತು ಹೊಣೆ ಹೊತ್ತವ. ಕ್ಯಾಮೆರಾ ಭಾವಂದು ಅಂದ ಮಾತ್ರಕ್ಕೆ ಸಿನಿಮಾ ಭಾವಂದಾಗೂದಿಲ್ಲ. ಆದ್ರೆ ನುಡಿಸಿದವರಿಗೆ, ಹಾಡಿದವರಿಗೆ ಪ್ರತ್ಯೇಕ ಹಕ್ಕಿದೆ, 50 ವರ್ಷ ಇರ್ತದೆ. ತಮ್ಮ ಪ್ರದರ್ಶನ ಈ ಸಿನಿಮಾದಲ್ಲಿ ಸೇರಲಿ ಅಂತ ಒಮ್ಮೆ ಲಿಖಿತವಾಗಿ ಒಪ್ಪಿದ್ರೆ ಆಮೇಲೆ ತಕರಾರು ಮಾಡೂದು ಕಷ್ಟ. ನೀವು ಬರೆಸಿಕೊಳ್ಳದಿದ್ರೆ ಗಿಟಾರಿಸ್ಟನ ಮಾತಿಗೆ ತೂಕ ಇದೆ. ವೇದಿಕೆ ಹಿಂದಿನದ್ದಕ್ಕೆ ಖಾಸಗಿತನದ ಪ್ರಶ್ನೆ ಬೇರೆ.

ಕೋಡಿಬಾಗ_ಕ್ಯಾಮೆರಾ
ಕಾಕಾ, ಸ್ನೇಹಿತರ ಹತ್ರ ಸಹಿ ಹಾಕಿಸೂದು ಹೇಗೆ ಹೇಳಿ. ನಗ್ತಿದ್ರು.

ಕಾನೂನು_ಕಾಕಾ
ನಗುವಾಗಲೇ ಹಾಕಿಸಬೇಕು. ಜಗಳ ಆದಮೇಲೆ ಯಾರು ಹಾಕ್ತಾರೆ?

ಹುಬ್ಬಳ್ಳಿ_ಬೇಸ್
ಕಾಕಾರ ಮಾತು ಬರದು ಗ್ವಾಡಿಗೆ ಹಚ್ಚಬೇಕ್ರಿ 😄

ಧ್ವನಿಗಾರ
ಜಗಳ ಇಡಬೇಕೋ ಬೇಡವೋ ನೀವು ತೀರ್ಮಾನ ಮಾಡಿಕೊಳ್ಳಿ. ನನಗೆ ಸೌಂಡಿನ ಚಿಂತೆ. ಕೋಡಿಬಾಗ, ಮೊಬೈಲಲ್ಲಿ ತೆಗೆದದ್ದನ್ನ ನೇರ ಟೈಮ್‌ಲೈನಿಗೆ ಎಳೆದಿದ್ದೀಯಾ? ಶುರುವಿನಲ್ಲಿ ತುಟಿ ಮಾತು ಕೂಡಿ, ಹತ್ತು ನಿಮಿಷ ಆಗುವಾಗ ತಪ್ಪಿ ಹೋಗ್ತದೆ ಅಲ್ವಾ? ಮೊಬೈಲು ಬೆಳಕು ನೋಡ್ಕೊಂಡು ಫ್ರೇಮ್ ರೇಟ್ ಏರಿಸಿ ಇಳಿಸಿ ಮಾಡ್ತದೆ. ಮೊದಲು ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರಿನಲ್ಲಿ ಹಾಕಿ ಸೆಕೆಂಡಿಗೆ ಸ್ಥಿರ 25 ಫ್ರೇಮಿಗೆ ತಂದುಕೋ. ರೆಕಾರ್ಡರಿನ ಫೈಲಿನ ಸ್ಯಾಂಪಲ್ ರೇಟ್ 44.1 ಕಿಲೋಹರ್ಟ್ಜಿನಲ್ಲಿದೆಯೋ 48ರಲ್ಲಿದೆಯೋ ನೋಡು. 44.1ರದ್ದನ್ನ 48 ಅಂತ ತಪ್ಪು ತಿಳಿದು ಓಡಿಸಿದ್ರೆ ಹಾಡು ಸುಮಾರು ನೂರಕ್ಕೆ ಒಂಬತ್ತರಷ್ಟು ಜೋರು ಓಡ್ತದೆ, ಶ್ರುತಿನೂ ಏರ್ತದೆ.

ಆಮೇಲೆ ವೇದಿಕೆಯ ಲೈಟು ಪಟ್ಟೆಪಟ್ಟೆ ಕಾಣ್ತಿದ್ರೆ ಶಟರ್ ತಪ್ಪಿದೆ. ನಮ್ಮ ಕರೆಂಟು 50 ಹರ್ಟ್ಜ್, ಶಟರ್ 1/50 ಇಟ್ರೆ ಸುಮಾರಾಗಿ ಬಚಾವು. ತೆಗೆದಾದ ಮೇಲೆ ಪಟ್ಟೆ ಹೋಗಿಸೂದು ಕಷ್ಟ.

ಮತ್ತೆ ಆ ಕ್ಯಾಮೆರಾ ಲೆನ್ಸು ಒಮ್ಮೆ ಟಾರ್ಚ್ ಬಿಟ್ಟು ನೋಡು. ನಮ್ಮ ಕರಾವಳಿಯ ಮಳೆಗಾಲ ಕಳೆದ ಲೆನ್ಸು, ಒಳಗೆ ಬೂಷ್ಟು ಬಂದಿರ್ತದೆ. ಬ್ಯಾಗಿನೊಳಗೆ ಸಿಲಿಕಾ ಜೆಲ್ ಹಾಕಿಡು.

ಕೋಡಿಬಾಗ_ಕ್ಯಾಮೆರಾ
ಬೂಷ್ಟು ಬಂದಿದೆ. ಭಾವನಿಗೆ ಇನ್ನೂ ಹೇಳಲಿಲ್ಲ. ತುಟಿ ತಪ್ಪೂದೂ ಹೌದು, ನಾನು ಲ್ಯಾಪ್‌ಟಾಪ್ ಹಳೇದು ಅಂತ ಮಾಡಿದ್ದೆ.

ಇನ್ನೊಂದು ಕೇಳೂದಿದೆ. ಶೆಡ್ಡಿನ ಪ್ರಾಕ್ಟೀಸಿನಲ್ಲಿ ಇವ್ರು ಮಾತಾಡುವಾಗಲೆಲ್ಲ ಯಾರೋ ಒಬ್ಬ ಗಿಟಾರ್ ಟಿಂಯ್ ಟಿಂಯ್ ಅನ್ನಿಸ್ತಾನೇ ಇರ್ತಾನೆ. ಮಾತು ಒಂದೂ ಕೇಳೂದಿಲ್ಲ.

ಬೆಂಗ್ಳೂರ್_ಗುರು
ಹಹ್ಹಾ, ಬೀಟಲ್ಸ್‌ನವರೂ ಬೇಕಂತಲೇ ಅದನ್ನೇ ಮಾಡ್ತಿದ್ರು. 1969ರ ಜನವರಿಯಲ್ಲಿ ನಿರ್ದೇಶಕ ಲಿಂಡ್ಸೆ-ಹಾಗ್ ಶೂಟ್ ಮಾಡೋವಾಗ ಮಾತು ಮೈಕಿಗೆ ಸಿಗಬಾರದು ಅಂತ ಗಿಟಾರ್ ಮೀಟ್ಕೊಂಡು ಮಾತಾಡೋರು. ಪೀಟರ್ ಜಾಕ್ಸನ್ ತಂಡ ಮಷಿನ್ ಲರ್ನಿಂಗ್ ಹಚ್ಚಿ ಗಿಟಾರನ್ನೂ ಮಾತನ್ನೂ ಬೇರೆ ಮಾಡಿದ್ರು. ಅದೇ 2021ರ 'ಗೆಟ್ ಬ್ಯಾಕ್', ಹತ್ತಿರ ಹತ್ತಿರ ಎಂಟು ಗಂಟೆ. ಈಗ ನಿನ್ನಂಥೋರಿಗೂ ಹಾಗೆ ಬೇರೆ ಮಾಡೋ ಸಾಫ್ಟ್‌ವೇರ್ ಡಿಮಕ್ಸ್ ಅಂತ ಉಚಿತವಾಗಿ ಸಿಗುತ್ತೆ, ಹಾಕಿ ನೋಡು.

ಮತ್ತೆ ಅಕ್ಕ, ನೀವು ಕೇಳಿ. ಅದೇ ಶೂಟಿಂಗಿನಲ್ಲಿ ಜಾರ್ಜ್ ಹ್ಯಾರಿಸನ್ ಜನವರಿ 10ಕ್ಕೆ ಬ್ಯಾಂಡ್ ಬಿಟ್ಟು ಎದ್ದು ಹೋದ. ಕ್ಯಾಂಟೀನಿನಲ್ಲಿ ಲೆನನ್, ಮೆಕಾರ್ಟ್ನಿ ಅದರ ಬಗ್ಗೆ ಮಾತಾಡ್ತಿದ್ರೆ ನಿರ್ದೇಶಕ ಹೂಕುಂಡದಲ್ಲಿ ಮೈಕ್ ಬಚ್ಚಿಟ್ಟು ರೆಕಾರ್ಡ್ ಮಾಡ್ಕೊಂಡ. ಇವತ್ತು ಅದು ಇತಿಹಾಸ.

ಅಂಕೋಲೆ_ಅಕ್ಕ
ಹೂಕುಂಡದಲ್ಲಿ ಮೈಕ್ ಇಟ್ಟದ್ದನ್ನ ಹೆಮ್ಮೆಯಿಂದ ಹೇಳ್ತೀಯಲ್ಲ ಮಾರಾಯ! ಅದೂ 50 ವರ್ಷ ಕಳೆದಮೇಲೆ, ಬ್ಯಾಂಡಿನವರ ಒಪ್ಪಿಗೆ ತಗೊಂಡು ಹೊರಗೆ ಬಂತು. ಅವರದ್ದೇ ಮೊದಲಿನ ಸಿನಿಮಾ 1970ರಲ್ಲಿ ಬಂದದ್ದು ದಶಕಗಟ್ಟಲೆ ಮೂಲೆಗೆ ಬಿದ್ದಿತ್ತು, 2024ರಲ್ಲಿ ಮತ್ತೆ ಬಿಟ್ರು. ನಾನೂ ನೋಡಿದ್ದೇನೆ, ನೀನೊಬ್ಬನೇ ಅಲ್ಲ.

ಬಂಗಡೆ_ಪ್ರಿಯ
ಅಕ್ಕ 1, ಬೆಂಗಳೂರು 0.

ನಾಕನೇ_ಬೀಟ್
ಒಂದು ಡ್ರೋನ್ ಶಾಟ್ ಹಾಕಿದ್ರೆ ಎಲ್ಲಾ ಮುಚ್ಚಿ ಹೋಗ್ತದೆ. ಕಡಲು, ಕೂರ್ಮಗಡ ದ್ವೀಪ, ಸೂರ್ಯಾಸ್ತ.

ಕಾನೂನು_ಕಾಕಾ
ಕಾರವಾರದಲ್ಲಿ ಡ್ರೋನ್ ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ, ಎಲ್ಲಿ ಹಾರಿಸಬಹುದು ಅಂತ. ಸೀಬರ್ಡ್ ನೌಕಾನೆಲೆ ಪಕ್ಕದಲ್ಲೇ ಇದೆ. ಕೆಂಪು ವಲಯದಲ್ಲಿ ಕೇಂದ್ರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. "ಚಿಕ್ಕ ಡ್ರೋನು, ಮದುವೆಗೆ ತಂದದ್ದು" ಅಂತ ಹೇಳಿದ್ರೆ ಯಾರೂ ಕೇಳೂದಿಲ್ಲ.

ಶಿರಸಿ_ಮಾಣಿ
ಯಾರ ಡಾಕ್ಯುಮೆಂಟರಿ ನೋಡಿದ್ರೂ ಅದೇ ಸೂರ್ಯಾಸ್ತ. ಸಾಕು ಮಾರಾಯ. ಶೆಡ್ಡಿನೊಳಗೆ ಬಲೆ ಮೇಲೆ ಕೂತು ಹಾಡುವವರನ್ನ ತೋರ್ಸಿ.

ಕೋಡಿಬಾಗ_ಕ್ಯಾಮೆರಾ
ಡ್ರೋನ್ ಇಲ್ಲ. ಅದಕ್ಕಿಂತ ಚಲೋದು ಒಂದಿದೆ. ನಾಲ್ವರೂ ಗೋವಾ ಕಡೆಯಿಂದ ವಾಪಸ್ ಬರುವಾಗ ಕಾಳಿ ನದಿಯ ಹಳೇ ಸೇತುವೆ ಮೇಲೆ, ಕಿಟಕಿಯಿಂದ ತೆಗೆದ ಶಾಟು. ಕಂಬಿ ಒಂದೊಂದೇ ದಾಟಿ ಹೋಗ್ತದೆ, ಹಿಂದೆ ಸದಾಶಿವಗಡ ಗುಡ್ಡ. ಆವಾಗ ಅಲ್ಲಾಡ್ತಾ ಇದೆ ಅಂತ ಬಿಸಾಡೂದಿತ್ತು. 2024ರ ಆಗಸ್ಟ್ 6ರ ನಡುರಾತ್ರಿ ಕಳೆದಮೇಲೆ ಸೇತುವೆಯೇ ಬಿತ್ತಲ್ಲ. ಈಗ ಆ ಶಾಟ್ ಮತ್ತೆ ಯಾರು ಹೋದ್ರೂ ಸಿಗೂದಿಲ್ಲ.

ಬಂಗಡೆ_ಪ್ರಿಯ
ಸೇತುವೆ ಜೊತೆ ನದಿಗೆ ಬಿದ್ದ ಆ ಲಾರಿ ಡ್ರೈವರ್ ಬದುಕಿದ್ದೇ ಪುಣ್ಯ. ನೀರಿಂದ ಎತ್ತಿದ್ದು ನಮ್ಮ ಮೀನುಗಾರ್ರು, ಪೊಲೀಸ್ರು ಸೇರಿ. ಆ ಶಾಟ್ ಮೊದಲು ಎರಡು ಕಡೆ ಕಾಪಿ ಮಾಡಿಡು ಮಾರಾಯಾ.

ಧ್ವನಿಗಾರ
ಎರಡಲ್ಲ, ಮೂರು. ಒಂದು ಬೇರೆ ಮನೆಯಲ್ಲಿ.

ಹುಬ್ಬಳ್ಳಿ_ಬೇಸ್
ಹಾಡು ಯಾವುವ್ರೀ? ಸ್ವಂತದ್ದೋ, ಬ್ಯಾರೆಯವರದ್ದೋ?

ಕೋಡಿಬಾಗ_ಕ್ಯಾಮೆರಾ
ಹೆಚ್ಚಿನದು ಸ್ವಂತದ್ದು. ಮಧ್ಯ ಒಂದೆರಡು ಇಂಗ್ಲಿಷ್ ಕವರ್ ಇದೆ. ದಿನಕರ ದೇಸಾಯರ ಚುಟುಕಗಳನ್ನ ಜೋಡಿಸಿ ಒಂದು ಭಾರೀ ಹಾಡು ಮಾಡಿದ್ರು, ಜನ ಅದಕ್ಕೇ ಕುಣೀತಿದ್ದದ್ದು. ಇನ್ನೊಂದರಲ್ಲಿ ಯಲ್ಲಾಪುರ ಕಡೆಯ ಸಿದ್ದಿ ಜನರ ದಮಾಮಿ ಡೋಲು ರೆಕಾರ್ಡ್ ಮಾಡಿ ಸೇರಿಸಿದ್ದಾರೆ.

ಕಾನೂನು_ಕಾಕಾ
ಇಂಗ್ಲಿಷ್ ಹಾಡು ತೆಗೆದುಬಿಡಿ. ಸಿನಿಮಾದಲ್ಲಿ ಬಳಸೂದಕ್ಕೆ ಹಾಡಿನ ಹಕ್ಕುದಾರರ ಒಪ್ಪಿಗೆ ಬೇಕು, ಅದು ನಿಮ್ಮ ಬಜೆಟ್ಟಿಗೆ ಸಿಗೂದಲ್ಲ. ಯೂಟ್ಯೂಬಿಗೆ ಹಾಕಿದ್ರೆ ಕ್ಲೇಮ್ ಬರಬಹುದು.

ದೇಸಾಯರು ತೀರಿಕೊಂಡದ್ದು 1982. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ, ಅಂದ್ರೆ 2042 ಮುಗಿಯೋ ತನಕ ಹಕ್ಕಿದೆ. ಮನೆಯವರನ್ನೋ ಪ್ರಕಾಶಕರನ್ನೋ ಕೇಳಿ ಒಂದು ಪತ್ರ ತಗೊಳ್ಳಿ. ಅಂಕೋಲೆಯ ಕವಿಯನ್ನ ಕಾರವಾರದ ಹುಡುಗ್ರು ಹಾಡ್ತಾರೆ ಅಂದ್ರೆ ಸಂತೋಷವೇ ಪಡಬಹುದು, ಆದ್ರೂ ಕೇಳೂದು ಕೇಳಲೇಬೇಕು. ಸಿದ್ದಿ ವಾದ್ಯಗಾರರಿಗೆ ದುಡ್ಡು ಕೊಟ್ಟಿದ್ದೀರಾ? ಹೆಸರು ಹಾಕ್ತೀರಾ? "ಜಾನಪದ" ಅಂತ ಒಂದು ಸಾಲು ಬರೆದು ಕೈ ತೊಳ್ಕೊಳ್ಳಬೇಡಿ. ಡೋಲು ಯಾರದ್ದೇ ಪರಂಪರೆ ಇರಲಿ, ಆ ದಿನ ಬಾರಿಸಿದವರಿಗೆ ಹಕ್ಕಿದೆ.

ಬೆಂಗ್ಳೂರ್_ಗುರು
60 ವರ್ಷ ಅನ್ನೋದು ಭಾರತದಲ್ಲೇ ಯಾಕೆ? ಎಷ್ಟೋ ಕಡೆ 50, 70 ಇದೆ.

ಕಾನೂನು_ಕಾಕಾ
ನಮ್ಮಲ್ಲೂ ಮೊದಲು 50 ಇತ್ತು. ಟಾಗೋರ್ ತೀರಿಕೊಂಡದ್ದು 1941, ಅವರ ಹಕ್ಕು 1991ಕ್ಕೆ ಮುಗೀತಿತ್ತು. ವಿಶ್ವಭಾರತಿಗೆ ಅದು ಉಳೀಲಿ ಅಂತ ಒತ್ತಾಯ ಬಂತು, ಆಗ ಹತ್ತು ವರ್ಷ ಏರಿಸಿದ್ರು, ಎಲ್ಲರಿಗೂ.

ಬಂಗಡೆ_ಪ್ರಿಯ
ಅಂದ್ರೆ ನಾವು ಭೇಲ್‌ಪುರಿ ತಿನ್ನುವ ಕಾರವಾರದ ಬೀಚಿಗೆ ಯಾರ ಹೆಸರಿದೆಯೋ ಆ ಟಾಗೋರರಿಂದಲೇ ನಮ್ಮ ಬ್ಯಾಂಡಿಗೆ ಹತ್ತು ವರ್ಷ ಜಾಸ್ತಿ ತಾಪತ್ರಯ.

ಶಿರಸಿ_ಮಾಣಿ
😂😂

ನಾಕನೇ_ಬೀಟ್
ಸರಿ, ಎಷ್ಟು ಹೊತ್ತು ಸುಮ್ಮನಿರೂದು. ನಾನೇ ಆ ಬ್ಯಾಂಡಿನ ಡ್ರಮ್ಮರ್. ಕೋಡಿಬಾಗ, ನಿನಗೆ ಗೊತ್ತೇ ಇರ್ಬೇಕು.

ಆ ಜಗಳ ಇಡು ಅಂತ ನಾನು ಹೇಳಿದ್ದು ಹೌದು, ಆದ್ರೆ ನೀನು ತಿಳ್ಕೊಂಡ ಕಾರಣಕ್ಕಲ್ಲ. ಇಲ್ಲಿ ಎಲ್ಲರೂ ಅದೇನೋ ಹಾಡಿನ ಬಗ್ಗೆ, ಸ್ಟಾರ್‌ಗಿರಿ ಬಗ್ಗೆ ಜಗಳ ಅಂತ ತಿಳ್ಕೊಂಡಿದ್ದಾರೆ. ನಿನ್ನ ರಫ್ ಕಟ್ಟಿನಲ್ಲೂ ಹಾಗೇ ಇದೆ. ಸೆಟ್‌ಲಿಸ್ಟ್ ಬರೆಯುವ ಶಾಟು, ಆಮೇಲೆ ಕೇಬಲ್ ಶಾಟು. ನೋಡಿದವರು ಎಂತ ತಿಳಿತಾರೆ? ಕಡೇ ಹಾಡು ಯಾವುದು ಅಂತ ಕಿತ್ತಾಡಿದ್ರು ಅಂತ. ಅದಲ್ಲ. ಟೆಂಪೋ ಬಾಡಿಗೆ. ದೇವಿಮನೆ ಘಟ್ಟ ಹತ್ತುವಾಗಲೇ ಶುರು ಆಗಿತ್ತು. ಸಿಕ್ಕ ದುಡ್ಡಿನಲ್ಲಿ ಮೊದಲು ಟೆಂಪೋ ಬಾಡಿಗೆ ಕಳೆಯೂದಾ, ಮೊದಲು ನಾಲ್ಕು ಪಾಲು ಮಾಡೂದಾ. ಗಿಟಾರಿಸ್ಟಿಗೆ ಆ ವಾರ ಮನೆಗೆ ದುಡ್ಡು ಕಳಿಸೂದಿತ್ತು. ಹಾಡುಗಾರನಿಗೆ ಅದು ಗೊತ್ತಿತ್ತು, ಆದ್ರೂ ಬಿಡಲಿಲ್ಲ. ಮಾತಿಗೆ ಮಾತು ಬೆಳೀತು. ಅಮ್ಮನ ಮೇಲೆ ಹೋಯ್ತು. ವೇದಿಕೆ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೇಕಾದ್ರೆ ಫುಟೇಜ್ ನೋಡು, ಹಾಡಿನ ಮಧ್ಯದ ಬ್ರಿಡ್ಜ್ ಭಾಗ ಬಂದಾಗ ಯಾವಾಗ್ಲೂ ನೋಡ್ತಿದ್ದವರು.

ಘಟ್ಟದ್ದು ನಿನ್ನ ಕ್ಯಾಮೆರಾದಲ್ಲಿ ಯಾಕಿಲ್ಲ ಗೊತ್ತಾ? ನೀನು ಮುಂದಿನ ಸೀಟಲ್ಲಿ ಪ್ಲಾಸ್ಟಿಕ್ ಕೊಟ್ಟೆ ಹಿಡ್ಕೊಂಡು ಕೂತಿದ್ದೆ.

ಬಂಗಡೆ_ಪ್ರಿಯ
ಅಯ್ಯೋ ದೇವ್ರೆ!

ಅಂಕೋಲೆ_ಅಕ್ಕ
ಇದನ್ನೇ ನಾನು ಹೇಳ್ತಾ ಇದ್ದದ್ದು. ಜಗಳದ ಬಾಲ ಮಾತ್ರ ಸಿಕ್ಕಿದೆ. ಬಾಲ ತೋರಿಸಿ ಇದೇ ಪ್ರಾಣಿ ಅಂದ್ರೆ ಹ್ಯಾಗೆ?

ಬೆಂಗ್ಳೂರ್_ಗುರು
ಸರಿ ಅಕ್ಕ, ಇದಕ್ಕೆ ಒಪ್ತೀನಿ. ಸೆಟ್‌ಲಿಸ್ಟ್ ಶಾಟ್ ಪಕ್ಕ ಅದನ್ನ ಜೋಡಿಸಿದ್ದು ತಪ್ಪು. ಆದ್ರೆ ಶಾಟ್ ಕಿತ್ತಾಕೋದು ಬೇಡ, ದಾರಿ ಇದೆ.

ರೋಲಿಂಗ್ ಸ್ಟೋನ್ಸ್ ಮೇಲಿನ 'ಗಿಮ್ಮೆ ಶೆಲ್ಟರ್' ಗೊತ್ತಲ್ಲ, 1970. ಮೇಸಲ್ಸ್ ಸಹೋದರರು ಮತ್ತೆ ಷಾರ್ಲೆಟ್ ಜ್ವೆರಿನ್. ಆಲ್ಟಮಾಂಟ್ ಶೋನಲ್ಲಿ ವೇದಿಕೆ ಎದುರೇ ಮೆರೆಡಿತ್ ಹಂಟರ್ ಅನ್ನೋ ಹುಡುಗನ ಕೊಲೆ ಆಯ್ತು, ಕ್ಯಾಮೆರಾದಲ್ಲಿ ಸಿಕ್ತು. ಅದನ್ನ ಸುಮ್ನೆ ತೋರಿಸಲಿಲ್ಲ. ಎಡಿಟಿಂಗ್ ಟೇಬಲ್ ಮುಂದೆ ಆ ಬ್ಯಾಂಡಿನ ಹಾಡುಗಾರ ಜ್ಯಾಗರ್‌ನ ಕೂರಿಸಿ, ಅವನು ಆ ತುಣುಕು ನೋಡೋದನ್ನ ಶೂಟ್ ಮಾಡಿದ್ರು. ಸಿನಿಮಾದ ಬೆನ್ನೆಲುಬೇ ಅದು. ನಿನ್ನದು ಬರೀ ಕೇಬಲ್ ಜಗಳ, ಅಷ್ಟು ದೊಡ್ಡದಲ್ಲ. ಆದ್ರೆ ಉಪಾಯ ಅದೇ. ಆ ಕ್ಲಿಪ್ಪು ನಾಲ್ವರಿಗೂ ಬೇರೆ ಬೇರೆ ತೋರಿಸು, ನೋಡ್ತಾ ಅವರು ಹೇಳೋದನ್ನ ರೆಕಾರ್ಡ್ ಮಾಡು. ಟೆಂಪೋ ಕಥೆ ಡ್ರಮ್ಮರ್ ಬಾಯಲ್ಲೇ ಬರಲಿ.

ಹುಬ್ಬಳ್ಳಿ_ಬೇಸ್
ಭಾಳ ಚಲೋ ಐಡಿಯಾ. ಆದ್ರ ಹಡಗಿನ್ಯಾಗಿದ್ದಾಂವ?

ನಾಕನೇ_ಬೀಟ್
ಅವನ ಹತ್ರ ನಾನು ಮಾತಾಡ್ತೇನೆ. ಬಂದರಿಗೆ ಬಂದಾಗ ಫೋನ್ ಮಾಡ್ತಾನೆ. ಮುಖ ಬೇಡ ಅಂದದ್ದು ಮನೆಯವರು ನೋಡ್ತಾರೆ ಅಂತ, ದುಡ್ಡಿನ ವಿಷಯ ಅಲ್ವಾ. ಪೂರ್ತಿ ಕಥೆ ಬರ್ತದೆ ಅಂದ್ರೆ ಒಪ್ಪಿದ್ರೂ ಒಪ್ಪಬಹುದು. ಒಪ್ಪದಿದ್ರೆ ಆ ಶಾಟ್ ಇಲ್ಲ. ಅದು ಖಂಡಿತ.

ಕೋಡಿಬಾಗ_ಕ್ಯಾಮೆರಾ
ಒಪ್ಪದಿದ್ರೆ ಸಿನಿಮಾದಲ್ಲಿ ಎಂತ ಉಳೀತದೆ?

ಶಿರಸಿ_ಮಾಣಿ
ಶೆಡ್ಡು, ಸೇತುವೆ, ದಿನಕರ ದೇಸಾಯರ ಹಾಡು, ದಮಾಮಿ, ಘಟ್ಟದಲ್ಲಿ ನೀನು. ಸಾಕಲ್ಲ ಅರ್ಧ ಗಂಟೆಗೆ. ಕೈಯಲ್ಲಿ ಅಷ್ಟಿಟ್ಕೊಂಡು ಅಳ್ತೀಯಲ್ಲ ಮಾರಾಯ.

ಕಾನೂನು_ಕಾಕಾ
ಒಪ್ಪಿದ್ರೆ ಫೋನಿನಲ್ಲಿ "ಹೂಂ" ಅಂದದ್ದು ಸಾಲದು. ಒಂದು ಪುಟ ಬರೆದು ಫೋಟೋ ತೆಗೆದು ಕಳಿಸಲಿ, ಮೂಲ ಪ್ರತಿ ಊರಿಗೆ ಬಂದಾಗ ಕೊಡಲಿ. ಉಳಿದ ಮೂವರದ್ದೂ ಈಗಲೇ ತಗೊಳ್ಳಿ. ಮತ್ತೆ, ಟಾಕೀಸಿನಲ್ಲಿ ತೋರಿಸೂದಿದ್ರೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಡಾಕ್ಯುಮೆಂಟರಿಗೂ.

ಬಂಗಡೆ_ಪ್ರಿಯ
ಒಂದು ನಿಮಿಷ. ಟೆಂಪೋ ಅಂದ್ರಲ್ಲ, ಹಿಂದೆ ನೀಲಿ ಟಾರ್ಪಾಲ್ ಕಟ್ಟಿದ ಮೀನಿನ ಟೆಂಪೋನಾ?

ನಾಕನೇ_ಬೀಟ್
ಹೌದು. ಆಂಪ್ಲಿಫೈಯರ್ ಇವತ್ತಿಗೂ ವಾಸನೆ ಹೊಡೀತದೆ.

ಬಂಗಡೆ_ಪ್ರಿಯ
ಅದು ನಮ್ಮ ಮಾವಂದು ಮಾರಾಯಾ! ಬಾಡಿಗೆ ಇನ್ನೂ ಬರಲಿಲ್ಲ ಅಂತ ಮನೆಗೆ ಹೋದಾಗಲೆಲ್ಲ ಹೇಳ್ತಾರೆ.

ಹುಬ್ಬಳ್ಳಿ_ಬೇಸ್
ಏ, ಮಾವನ್ನೂ ಕೂಡ್ಸಿ ಶೂಟ್ ಮಾಡ್ರಿ. ಸಿನಿಮಾದ ಹೀರೋ ಸಿಕ್ಕ.

ಕೋಡಿಬಾಗ_ಕ್ಯಾಮೆರಾ
ಮಾವನ ಬಾಡಿಗೆ ಮೊದಲು ಕೊಡ್ತೇವೆ, ಆಮೇಲೆ ಶೂಟು. ಭಾನುವಾರ ಮುಹೂರ್ತ ಇಲ್ಲ, ಕ್ಯಾಮೆರಾ ಸಿಗ್ತದೆ. ಹಾಡುಗಾರನಿಗೂ ಬರಲಿಕ್ಕೆ ಹೇಳಿದ್ದೇನೆ, ಇನ್ನೂ ಉತ್ತರ ಇಲ್ಲ. ಡ್ರಮ್ಮರಪ್ಪಾ, ನಿನ್ನ ಮೊಬೈಲಿನಲ್ಲಿ ಶೆಡ್ಡಿನ ರೆಕಾರ್ಡಿಂಗ್ ಏನಾದ್ರೂ ಇದ್ರೆ ವಾಟ್ಸಾಪ್ ಮಾಡು.

ಧ್ವನಿಗಾರ
ವಾಟ್ಸಾಪಿನಲ್ಲಿ ವಿಡಿಯೋ ಅಂತ ಕಳಿಸಬೇಡಿ, ಹಿಂಡಿ ಹಾಕ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲಾಂದ್ರೆ ಪೆನ್‌ಡ್ರೈವಿನಲ್ಲಿ ಕೊಡಿ. ಮತ್ತೆ ಭಾನುವಾರ ಶುರು ಮಾಡುವ ಮೊದಲು ಕ್ಯಾಮೆರಾ ಎದುರು ಒಂದು ಚಪ್ಪಾಳೆ ಹೊಡೀರಿ, ಆಮೇಲೆ ಸೌಂಡು ಚಿತ್ರ ಕೂಡಿಸಲಿಕ್ಕೆ. ಒಂದೇ, ಜೋರಾಗಿ.